‘ಗ್ರಾಗಿ’ ಅಂದ್ರ ಕುಡದಾವ ಅಂತ ಅರ್ಥ ಏನ್ರಿ? ಈ ಶಬ್ದ ಎಲ್ಲಿಂದ ಬಂತು, ಗೊತ್ತಿದ್ದವ್ರು ಹೇಳ್ರಿ

ಬ್ಯಾಡಗಿ ರೈತನ ಮಗ:

ನಮಸ್ಕಾರ್ರೀ ಎಲ್ಲಾರಿಗೂ. ಒಂದು ಇಂಗ್ಲಿಷ್ ಶಬ್ದದ ಬಗ್ಗೆ ಕೇಳೂದೈತಿ. ನಿಮಗ ಸಣ್ಣ ವಿಷಯ ಅನಸಬಹುದು, ಆದ್ರ ಇದ ಒಂದು ಮಾತಿನಿಂದ ನಮ್ಮವ್ವ ಸರಿಯಾಗಿ ಊಟಾನೂ ಮಾಡವಲ್ಲಳು.

ನಮ್ಮ ಅಪ್ಪಾರಿಗೆ ಹುಬ್ಬಳ್ಳಿ ಒಳಗ ಹರ್ನಿಯಾ ಆಪರೇಷನ್ ಆತು. ಚೊಲೋನ ಆತು, ಡಾಕ್ಟ್ರೂ ಭಾಳ ಕಾಳಜೀಲೆ ನೋಡಿದ್ರು. ಥೇಟರಿನಿಂದ ಹೊರಗ ತಂದಾಗ ಅಪ್ಪಗ ಪೂರ್ತಿ ಎಚ್ಚರ ಇರ್ಲಿಲ್ಲ, ಕಣ್ಣ ಅರ್ಧ ತಗದು ಕೈಗೆ ಹಚ್ಚಿದ ಸಲೈನ್ ಪಟ್ಟಿ ಕೀಳಾಕ ಹೋಗೂದು, ‘ಹೊತ್ತಾತು ಎತ್ತ ಹೂಡ್ರಿ, ಕೂರಿಗಿ ಎಲ್ಲೈತಿ’ ಅಂತ ತೊದಲೂದು, ಮತ್ತ ನಿದ್ದಿ ಹತ್ತೂದು, ಹಿಂಗ ನಡದಿತ್ತು. ಅಲ್ಲಿದ್ದ ಸಣ್ಣ ಡಾಕ್ಟರ್ ಒಬ್ರು ಇನ್ನೊಬ್ರಿಗೆ ‘ಪೇಷಂಟ್ ಈಸ್ ಸ್ಟಿಲ್ ಗ್ರಾಗಿ’ ಅಂದ್ರು. ನಮ್ಮ ಸ್ವಾದರಮಾವನ ಮಗ ಅಲ್ಲೇ ನಿಂತಿದ್ದ, ಮೊಬೈಲಿನ್ಯಾಗ ಡಿಕ್ಷನರಿ ತಗದು ನೋಡಿದ್ರ ಕುಡದು ತೂರಾಡೂದು, ರಮ್ಮು, ಹಡಗಿನವ್ರು ಅಂತೆಲ್ಲಾ ಬಂತು. ಅಂವ ಅದನ್ನ ಹಂಗ ಅವ್ವನ ಮುಂದ ಹೇಳಿಬಿಟ್ಟ.

ನಮ್ಮಪ್ಪ ಹುಟ್ಟಿದಾಗಿಂದ ಒಂದು ಹನಿ ಮುಟ್ಟಿದಾವಲ್ಲ. ಕೊರಳಾಗ ಲಿಂಗ ಐತಿ, ಮುಂಜಾನೆ ಪೂಜಿ ಆಗೂತನಕಾ ಚಾನೂ ಕುಡಿಯೂದಿಲ್ಲ. ಪ್ಯಾಕೆಟ್ ಸಾರಾಯಿ ಇದ್ದ ಕಾಲದಾಗ ಊರ ಹೆಣ್ಣಮಕ್ಕಳ ಜೋಡಿ ಅಂಗಡಿ ಎದುರಿಗೆ ಕುಂತು ಧರಣಿ ಮಾಡಿದ ಮನುಷ್ಯಾ. ಅಂಥಾವರಿಗೆ ಇಂಥಾ ಮಾತು ಅಂದ್ರಲ್ಲಾ ಅಂತ ಅವ್ವನ ಮನಸಿಗೆ ಹತ್ತೈತಿ. ಡಾಕ್ಟ್ರಿಗೆ ಹೋಗಿ ಕೇಳಾಕ ನನಗ ಸಂಕೋಚ. ಖರೇನ ಹಂಗ ಅರ್ಥ ಐತೇನು? ಇದ್ರ, ದವಾಖಾನ್ಯಾಗ ಯಾಕ ಆ ಶಬ್ದ ಬಳಸ್ತಾರ? ತಿಳದವ್ರು ಬಿಡಿಸಿ ಹೇಳ್ರಿ, ಅವ್ವಗ ಓದಿ ಹೇಳ್ತೀನಿ.

ಹಾನಗಲ್ ಹುಡುಗ:

ಅಣ್ಣಾ ಏನೂ ಚಿಂತಿ ಮಾಡಬ್ಯಾಡ. ನನಗ ತಿಳದಂಗ ಇದು ಫಾಗ್ ಇಂದ ಬಂದಿರಬೇಕು, ಫಾಗ್ ಅಂದ್ರ ಮಂಜು, ತಲ್ಯಾಗ ಮಂಜು ಕವದಂಗ ಆದ್ರ ಫಾಗಿ, ಅದ ಮುಂದ ಗ್ರಾಗಿ ಆಗಿರತೈತಿ. ಅಪ್ಪಾರು ಲಗೂನ ಆರಾಮ ಆಗ್ಲಿ.

ಧಾರವಾಡ ಮಾಸ್ತರ:

ಹಾನಗಲ್ ತಮ್ಮ ಹೇಳಿದ್ದು ಕೇಳಾಕ ಹೊಂದತೈತಿ, ಆದ್ರ ಆ ಎರಡು ಶಬ್ದಕ್ಕ ಸಂಬಂಧ ಇಲ್ಲ. ನಾ ಇಂಗ್ಲಿಷ್ ಕಲಿಸಿ ರಿಟೈರ್ ಆದಾವ, ಇದು ನನಗ ಭಾಳ ಸೇರಿದ ವಿಷಯ, ಹಿಂಗಾಗಿ ಒಂದೀಟು ಉದ್ದ ಬರೀತೀನಿ.

ಬ್ಯಾಡಗಿ ತಮ್ಮಾ, ಮೊದಲ ಅವ್ವಗ ಇಷ್ಟ ಹೇಳು: ಡಾಕ್ಟ್ರು ಅಂದಿದ್ದು ಬೈಗಳ ಅಲ್ಲ, ಅನುಮಾನಾನೂ ಅಲ್ಲ. ಇವತ್ತಿನ ಇಂಗ್ಲಿಷಿನ್ಯಾಗ ಗ್ರಾಗಿ ಅಂದ್ರ ನಿದ್ದಿಯಿಂದೋ ಔಷಧದಿಂದೋ ಜ್ವರದಿಂದೋ ತಲಿಗೆ ಪೆಟ್ಟು ಬಿದ್ದೋ ಮಬ್ಬು ಕವದು, ಮಾತು ತೊದಲಿ, ಕಾಲು ನೆಟ್ಟಗ ನಿಲ್ಲದಂಗ ಇರೂದು. ಬೆಂಗಳೂರಿಂದ ರಾತ್ರಿ ಬಸ್ಸಿನ್ಯಾಗ ನಿದ್ದಿಗೆಟ್ಟು ಬಂದು ನಸುಕಿನ್ಯಾಗ ಹುಬ್ಬಳ್ಳಿಗೆ ಇಳದಾವನೂ ನಾ ಗ್ರಾಗಿ ಅದೀನಿ ಅಂತಾನ, ಯಾರೂ ತಪ್ಪ ತಿಳಕೊಳ್ಳೂದಿಲ್ಲ.

ಆದ್ರ ನಿಮ್ಮ ಮಾವನ ಮಗ ನೋಡಿದ್ದೂ ಸುಳ್ಳಲ್ಲ. ಶಬ್ದ ಹುಟ್ಟಿದ್ದು ರಮ್ಮಿನ ಪೀಪಾಯಿ ಕಡೆನ. ಬ್ರಿಟಿಷ್ ನೌಕಾಪಡ್ಯಾಗ ಎಡ್ವರ್ಡ್ ವರ್ನನ್ ಅಂತ ಅಡ್ಮಿರಲ್ ಇದ್ದ. 1739ರಾಗ ಬರೇ ಆರು ಹಡಗಾ ತಗೊಂಡು ಈಗಿನ ಪನಾಮಾದಾಗಿರೋ ಪೋರ್ಟೊಬೆಲೊ ಬಂದರಾ ಸ್ಪೇನಿನವ್ರ ಕೈಯಿಂದ ಕಸಗೊಂಡು ಇಡೀ ಇಂಗ್ಲಂಡಿನ್ಯಾಗ ಹೆಸರಾದ. ಲಂಡನ್ನಿನ್ಯಾಗ ಪೋರ್ಟೊಬೆಲೊ ರೋಡ್ ಅಂತ ದೊಡ್ಡ ಸಂತಿ ಬೀದಿ ಐತಲ್ಲ, ಅದಕ್ಕ ಆ ಹೆಸರು ಬಂದಿದ್ದು ಇದ ಗೆಲುವಿನಿಂದ. ಈತ ಹಡಗಿನ ಮ್ಯಾಲ ಯಾವಾಗ್ಲೂ ಗ್ರೋಗ್ರಾಮ್ ಅನ್ನೂ ಒರಟು ಬಟ್ಟಿ ನಿಲುವಂಗಿ ಹಾಕ್ಕೊತಿದ್ದ, ಅದಕ್ಕ ಹಡಗಿನ ಆಳುಗಳು ಅವಗ ‘ಓಲ್ಡ್ ಗ್ರಾಗ್’ ಅಂತ ಅಡ್ಡಹೆಸರು ಇಟ್ಟಿದ್ರು. ನಮ್ಮ ಊರಾಗ ಟೊಪಗಿ ಹಾಕ್ಕೊಳ್ಳೂ ಹಿರ್ಯಾಗ ಟೊಪಗಿ ಮುತ್ಯಾ ಅನ್ನೂದಿಲ್ಲೇನು, ಹಂಗ.

ಆಗ ಹಡಗಿನವ್ರಿಗೆ ದಿನಾ ಸರಕಾರದ ವತಿಯಿಂದ ಕುಡಿಯಾಕ ಕೊಡ್ತಿದ್ರು. ಮೊದಲ ಬಿಯರ್ ಇತ್ತು, ಯಾಕಂದ್ರ ಪೀಪಾಯಿ ಒಳಗಿನ ನೀರು ಕೆಲವ ದಿನದಾಗ ಪಾಚಿಗಟ್ಟಿ ನಾರತಿತ್ತು. ಬಿಸಲ ನಾಡಿನ್ಯಾಗ ಬಿಯರೂ ಕೆಡತಿತ್ತು. 1655ರಾಗ ಜಮೈಕಾ ದ್ವೀಪ ಇಂಗ್ಲಂಡಿನ ಕೈಗೆ ಬಂದ ಮ್ಯಾಲ ಅಲ್ಲಿ ಕಬ್ಬಿನ ಕಾಕಂಬಿಯಿಂದ ತಗದ ರಮ್ ಹಡಗು ಹತ್ತಿತು. ಒಬ್ಬೊಬ್ಬಗ ದಿನಕ್ಕ ಅರ್ಧ ಪಿಂಟ್, ಅಂದ್ರ ಹೆಚ್ಚೂ ಕಡಿಮಿ ಕಾಲು ಲೀಟರ್, ನೀರ ಬೆರಸದ ಕಡಕ್ ರಮ್. ನಮ್ಮ ಕಡೆ ಕ್ವಾಟರ್ ಬಾಟ್ಲಿ ಅಂತಾರಲ್ಲ, ಅದು 180 ಎಂಎಲ್. ಅದಕ್ಕೂ ಜಾಸ್ತಿ ಆತು, ಅದೂ ದಿನಾ. ಅಷ್ಟು ಕುಡದು ಆ ಎತ್ತರದ ಪಟಗಂಬ ಹತ್ತಬೇಕು ಅವ್ರು, ಮ್ಯಾಲಿಂದ ಬಿದ್ದು ಸತ್ರು, ಹೊಡದಾಡಿದ್ರು, ಮಾತು ಕೇಳದಂಗಾದ್ರು.

ವರ್ನನ್ ಇದನ್ನ ನೋಡಿ 1740ರ ಆಗಸ್ಟ್ 21ಕ್ಕ ಜಮೈಕಾದಾಗ ಒಂದು ಆದೇಶ ಹೊರಡಿಸಿದ. ಇನ್ನಮುಂದ ಯಾರಿಗೂ ಬರೇ ರಮ್ ಕೊಡೂದಿಲ್ಲ, ಅರ್ಧ ಪಿಂಟ್ ರಮ್ಮಿಗೆ ಒಂದು ಕ್ವಾರ್ಟ್ (ಎರಡು ಪಿಂಟ್) ನೀರು, ಅಂದ್ರ ಒಂದಕ್ಕ ನಾಕು ಪಾಲು, ಅದನ್ನ ಡೆಕ್ಕಿನ ಮ್ಯಾಲ ಎಲ್ಲಾರ ಕಣ್ಣೆದುರಿಗೆ, ಪಹರೆ ಮ್ಯಾಲಿರೋ ಲೆಫ್ಟಿನೆಂಟ್ ನಿಂತು ನೋಡುವಾಗ ಬೆರಸಬೇಕು, ಆಳುಗಳಿಗೆ ಅನ್ಯಾಯ ಆಗಬಾರದು. ಅದನ್ನೂ ಒಮ್ಮೆಲೆ ಕೊಡಂಗಿಲ್ಲ, ದಿನಕ್ಕ ಎರಡು ಸಲ ಹಂಚಿ ಕೊಡಬೇಕು. ತಮ್ಮ ಪಾಲಿನ ಉಪ್ಪು ಹಾಕಿದ ಮಾಂಸ, ರೊಟ್ಟಿ ಉಳಿಸಿದವ್ರು ಅದರ ಬದಲಿ ಸಕ್ಕರಿ, ಲಿಂಬಿಹಣ್ಣು ತಗೊಂಡು ಹಿಂಡಿಕೊಬಹುದು ಅಂತನೂ ಬರದಿದ್ದ. ಕುಡತದಿಂದ ಮನುಷ್ಯಾರ ಬುದ್ಧಿ ಮಂಕಾಗಿ ಜೀವಕ್ಕ ಕುತ್ತು ಬರಾಕ ಹತ್ತೇತಿ ಅನ್ನೂದ ಆ ಆದೇಶದ ಕಾರಣ.

ಆಳುಗಳು ಆ ನೀರ ಕೂಡಿಸಿದ ರಮ್ಮಿಗೆ ಆದೇಶ ಮಾಡಿದಾತನ ಅಡ್ಡಹೆಸರನ್ನ ಇಟ್ರು, ಗ್ರಾಗ್. ಗ್ರಾಗ್ ಹೆಚ್ಚಾಗಿ ತೂರಾಡಾವ ಗ್ರಾಗಿ, ಇದು 1770ರ ಸುಮಾರಿನ ಮಾತು. ಮುಂದ 1820-30ರ ಹೊತ್ತಿಗೆ ಈ ಶಬ್ದ ಹೆಂಡ ಬಿಟ್ಟು ಹೊರಗ ಬಂತು. ಮುಂಗಾಲು ಸೋತು ಎಡವೂ ಕುದರಿಗೆ ಗ್ರಾಗಿ ಅಂದ್ರು, ಬಾಕ್ಸಿಂಗ್ ಕಣದಾಗ ಗುದ್ದು ತಿಂದು ಇನ್ನೂ ಬೀಳದ ಜೋಲಿ ಹೊಡಿಯಾವಗ ಗ್ರಾಗಿ ಅಂದ್ರು. ಕುದರಿ ಏನು ರಮ್ ಕುಡದಿತ್ತೇನು? ಇಲ್ಲ. ಅಲ್ಲಿಂದ ನಿದ್ದಿಗಣ್ಣಿನವ್ರಿಗೆ, ಜ್ವರದವ್ರಿಗೆ, ಆಪರೇಷನ್ ಆದವ್ರಿಗೆ ಬಂತು. ಈಗ ಆ ಶಬ್ದ ಆಡಾವನ ತಲ್ಯಾಗ ಹಡಗೂ ಇರೂದಿಲ್ಲ, ರಮ್ಮೂ ಇರೂದಿಲ್ಲ.

ನನಗ ಇದರಾಗ ಮನಸಿಗೆ ಹಿಡಿಸೂದು ಏನಂದ್ರ, ಈ ಶಬ್ದದ ಬುಡದಾಗ ನಿಂತಾವ ಕುಡುಕ ಅಲ್ಲ, ಕುಡಿತ ಕಡಿಮಿ ಮಾಡಾಕ ಹೊಂಟಾವ. ನಿಮ್ಮ ಅಪ್ಪಾರು ಸಾರಾಯಿ ಅಂಗಡಿ ಎದುರಿಗೆ ಕುಂತ್ರು, ಅಂವ ಪೀಪಾಯಿಗೆ ನೀರ ಹಾಕಿಸಿದ. ಅವ್ವಗ ಇದನ್ನ ಮರೀದ ಹೇಳು. ಆ ರಮ್ ಪಾಲು ಪೂರಾ ಬಂದ್ ಆಗಾಕ 1970ರ ಜುಲೈ 31ರ ತನಕಾ ಹಿಡೀತು, ಆ ದಿನಕ್ಕ ನೌಕಾಪಡಿಯವ್ರು ಬ್ಲ್ಯಾಕ್ ಟಾಟ್ ಡೇ ಅಂತಾರ, ಟಾಟ್ ಅಂದ್ರ ದಿನದ ಆ ರಮ್ ಪಾಲು, ಕೈಗೆ ಕರೀ ಪಟ್ಟಿ ಕಟಗೊಂಡು ಕಡೀ ಗುಟುಕು ಕುಡದ್ರು.

ಇನ್ನೊಂದು, ಕೋರ್ಟು ಪೊಲೀಸ್ ಕಾಗದದಾಗ ‘ಇಂಟಾಕ್ಸಿಕೇಟೆಡ್’ ಅಂತ ಬರೀತಾರಲ್ಲ, ಅದು ಗ್ರೀಕರ ಬಿಲ್ಲಿನಿಂದ ಬಂದದ್ದು. ಟಾಕ್ಸೊನ್ ಅಂದ್ರ ಬಿಲ್ಲು, ಬಾಣದ ತುದಿಗೆ ಸವರೂ ವಿಷಕ್ಕ ಟಾಕ್ಸಿಕೊನ್, ಅಲ್ಲಿಂದ ಲ್ಯಾಟಿನ್, ಅಲ್ಲಿಂದ ಇಂಗ್ಲಿಷ್. ಮೊದಲ ಅದರ ಅರ್ಥ ವಿಷ ಹಾಕೂದು ಅಂತ ಇತ್ತು, ಅಮಲೇರೂದು ಅನ್ನೂದು ಆಮ್ಯಾಲ ಸೇರಿದ್ದು. ಆಲ್ಕೊಹಾಲ್ ಅಂತೂ ಅರಬ್ಬೀ ಅಲ್-ಕುಹ್ಲ್, ಕಣ್ಣಿಗೆ ಹಚ್ಚೂ ಸುರ್ಮಾ. ನುಣ್ಣಗ ಅರದ ಪುಡಿ ಅನ್ನೂದು ಮುಂದ ಯಾವುದ ವಸ್ತುವಿನ ಸಾರ ಅಂತಾಗಿ, ದ್ರಾಕ್ಷಿ ರಸದ ಸಾರಕ್ಕ ಬಂದು ಅಲ್ಲೇ ನಿಂತಬಿಡ್ತು.

ಬೆಟಗೇರಿ ಮಗ್ಗ:

ಮಾಸ್ತರ್ರ, ನೀವು ಆ ಬಟ್ಟಿ ಹೆಸರು ಹೇಳಿದ ಕೂಡ್ಲೇ ನಾ ಓದೂದು ನಿಲ್ಲಿಸಿ ಇದನ್ನ ಬರಿಯಾಕ ಕುಂತೆ. ನಮ್ಮದು ನೇಕಾರ ಮನಿ, ಗ್ರೋಗ್ರಾಮ್ ಅಂದ್ರ ಫ್ರೆಂಚ್ ಮಾತಿನ ಗ್ರೋ ಗ್ರೇನ್, ದಪ್ಪ ಕಾಳಿನ ಬಟ್ಟಿ ಅಂತ. ಬೀಸೂ ಕಲ್ಲಿನ ಮ್ಯಾಲ ಕೈ ಆಡಿಸಿದಂಗ ಅನಸೂ ಬಟ್ಟಿ.

ಅದನ್ನ ಹೆಂಗ ಮಾಡ್ತಾರ ಅಂದ್ರ, ಹಾಸಿನ ಎಳಿ, ಅಂದ್ರ ಮಗ್ಗದ ಉದ್ದಕ್ಕ ಕಟ್ಟಿದ್ದು, ಸಣ್ಣದು ಇಟ್ಟು, ಹೊಕ್ಕಿನ ಎಳಿ, ಅಂದ್ರ ಲಾಳಿ ಅಡ್ಡ ಒಯ್ಯೂದು, ಅದಕ್ಕಿಂತ ದಪ್ಪ ಹಾಕ್ತಾರ. ಲಾಳಿ ದಾಟಿದ ಮ್ಯಾಲ ಹಣಿಗೀಲೆ ಬಿಗದು ಬಡದ್ರ ಆ ದಪ್ಪ ಎಳಿ ಕೆಳಗ ಕುಂಡ್ರೂದಿಲ್ಲ, ಬಟ್ಟಿ ಅಗಲಕ್ಕ ಸಾಲುಸಾಲು ಅಡ್ಡಗೆರಿ ಏಳತಾವ, ಉಗರಲೆ ಗೀರಿದ್ರ ಕಿರಕಿರ ಅಂತೈತಿ. ಆ ಕಾಲದ ಗ್ರೋಗ್ರಾಮಿಗೆ ರೇಷ್ಮಿ, ಉಣ್ಣಿ, ಆಡಿನ ಕೂದಲಾ ಕೂಡಿಸಿ ನೇದು ಮ್ಯಾಲ ಗೋಂದು ಹಚ್ಚಿ ಬಿರುಸು ಮಾಡ್ತಿದ್ರು. ನಾವು ಹಾಸಿನ ಎಳಿಗೆ ಗಂಜಿ ಹಾಕೂದು ನೇಯುವಾಗ ಎಳಿ ಹರೀಬಾರದು ಅಂತ, ಆಮ್ಯಾಲ ಒಗದ್ರ ಹೋಗತೈತಿ. ಅವ್ರು ಗೋಂದು ಹಚ್ಚಿದ್ದು ಬಟ್ಟಿ ಗಟ್ಟಿ ನಿಲ್ಲಲಿ ಅಂತ, ಸಮುದ್ರದ ಗಾಳಿಗೂ ತುಂತರ ನೀರಿಗೂ ತಡೀಬೇಕಲ್ಲ.

ಈಗೂ ಆ ನೇಗಿ ಸತ್ತಿಲ್ಲರಿ. ಮೆಡಲಿಗೆ ಹಾಕೂ ಪಟ್ಟಿ, ಸಣ್ಣ ಹುಡಿಗ್ಯಾರ ತಲಿಗೆ ಕಟ್ಟೂ ಗಟ್ಟಿ ರಿಬ್ಬನ್ ಹಿಡದು ನೋಡ್ರಿ, ಅಡ್ಡಗೆರಿ ಕಾಣತಾವ, ಅದು ಗ್ರೋಗ್ರೇನ್ ರಿಬ್ಬನ್ನ. ಒಬ್ಬ ನೇಕಾರ ಹೊಕ್ಕು ದಪ್ಪ ಹಾಕಿದ್ದಕ್ಕ ಇವತ್ತು ಹುಬ್ಬಳ್ಳಿ ದವಾಖಾನ್ಯಾಗ ಒಂದು ಮಾತು ನಿಂತೈತಿ ಅಂದ್ರ ನನಗ ಭಾಳ ಖುಷಿ ಆತು.

ಹುಬ್ಬಳ್ಳಿ ಸಿಸ್ಟರ್:

ನಾ ಆಪರೇಷನ್ ಆದವ್ರನ್ನ ನೋಡಿಕೊಳ್ಳೂ ವಾರ್ಡಿನ್ಯಾಗ ಕೆಲಸ ಮಾಡ್ತೀನಿ. ಶಬ್ದದ ಬಗ್ಗೆ ಸರ್ ಹೇಳ್ಯಾರ, ನಾ ನಿಮ್ಮ ಅಪ್ಪಾರ ಬಗ್ಗೆ ಹೇಳ್ತೀನಿ ಅಣ್ಣಾರ.

ನಮ್ಮಲ್ಲೆ ಗ್ರಾಗಿ ಅನ್ನೂದು ಬಾಯಿಮಾತು. ಕೇಸ್ ಶೀಟಿನ್ಯಾಗ ಹಂಗ ಬರಿಯೂದಿಲ್ಲ, ‘ಡ್ರೌಸಿ ಬಟ್ ಅರೌಸೆಬಲ್’ ಅಂತ ಬರೀತೀವಿ, ನಿದ್ದಿ ಮಂಪರದಾಗ ಅದಾರ, ಕರದ್ರ ಏಳ್ತಾರ ಅಂತ ಅರ್ಥ. ಪೂರ್ತಿ ಎಚ್ಚರಾಗಿ ಹೆಸರು, ಊರು, ಎಲ್ಲಿ ಅದಾರ ಅನ್ನೂದು ಸರಿ ಹೇಳಿದ್ರ ‘ಕಾನ್ಷಿಯಸ್ ಅಂಡ್ ಓರಿಯೆಂಟೆಡ್’. ಹಿಂಗಾಗಿ ಡಿಸ್ಚಾರ್ಜ್ ಕಾರ್ಡಿನ್ಯಾಗ ಆ ಶಬ್ದ ಬರತೈತಿ ಅಂತ ಅವ್ವಾರು ಹೆದರೂದು ಬ್ಯಾಡ.

ಅನಸ್ತೇಷಿಯಾ ಕೊಟ್ಟವ್ರು ಎಚ್ಚರಾಗುವಾಗ ಏನೇನೋ ಮಾತಾಡ್ತಾರ. ಕೆಲವು ಇಂಜೆಕ್ಷನ್ ಹೆಂಗ ಅಂದ್ರ ಆ ಹೊತ್ತಿನ ನೆನಪನ್ನೂ ಅಳಿಸ್ತಾವ, ನಾಳೆ ಕೇಳಿದ್ರ ಎತ್ತು ಕೂರಿಗಿ ಮಾತು ಅವ್ರಿಗೆ ನೆನಪ ಇರೂದಿಲ್ಲ. ಸಲೈನ್ ಕೀಳಾಕ ಬರೂದೂ ಸಾಮಾನ್ಯ, ಬೈಬ್ಯಾಡ್ರಿ, ಕೈ ಹಿಡಕೊಂಡು ‘ಅಪ್ಪಾ ಆಪರೇಷನ್ ಮುಗದೈತಿ, ದವಾಖಾನ್ಯಾಗ ಅದೀವಿ’ ಅಂತ ಮೆಲ್ಲಕ ಹೇಳ್ರಿ, ಬೇಕಾದ್ರ ಹತ್ತು ಸಲ ಹೇಳ್ರಿ. ಕನ್ನಡಕ ಹಾಕ್ತಿದ್ರ ಲಗೂ ಹಾಕ್ರಿ, ಕಿವಿ ಮಷಿನ್ ಇದ್ರ ಅದನ್ನೂ ಹಾಕ್ರಿ, ಇಲ್ಲಂದ್ರ ವಯಸ್ಸಾದವ್ರಿಗೆ ಗೊಂದಲ ಹೆಚ್ಚಾಗತೈತಿ. ನೀರು ಕೇಳಿದ್ರ ನೀವಾಗ ಕೊಡಬ್ಯಾಡ್ರಿ, ಸಿಸ್ಟರನ್ನ ಕೇಳಿ ಕೊಡ್ರಿ. ಮನಿಗೆ ಬೇಗ ಕಳಸಿದ್ರೂ ಅರವಳಿಕೆ ಕೊಟ್ಟ 24 ತಾಸು ಗಾಡಿ ಹೊಡಿಯೂದು, ಕಾಗದಕ್ಕ ಸಹಿ ಮಾಡೂದು ಬ್ಯಾಡ.

ಒಂದು ಮಾತ್ರ ಲಕ್ಷ್ಯ ಇಡ್ರಿ. ಮರದಿನ ಆದ್ರೂ ಮನಿಯವ್ರ ಗುರುತು ಹತ್ತವಲ್ಲದು, ರಾತ್ರಿ ಎದ್ದು ಗಲಾಟಿ ಮಾಡ್ತಾರ, ಇಲ್ಲಾ ಆರಾಮ ಆದಾವ್ರು ಮತ್ತ ಮಂಕಾದ್ರು ಅಂದ್ರ ಮಂಪರು ಇನ್ನೂ ಇಳದಿಲ್ಲ ಅಂತ ಸುಮ್ನಿರಬ್ಯಾಡ್ರಿ, ಕೂಡ್ಲೇ ಡಾಕ್ಟ್ರಿಗೆ ಹೇಳ್ರಿ.

ಮಂಪರು ಅನ್ನೂ ಚಂದ ಶಬ್ದ ನಮ್ಮಲ್ಲೆ ಐತಿ, ಪೇಪರಿನ್ಯಾಗ ಮಂಪರು ಪರೀಕ್ಷೆ ಅಂತ ಓದಿರತೀವಿ. ಪೇಷಂಟ್ ಮನಿಯವ್ರು ಎದುರಿಗಿದ್ದಾಗ ಅದನ್ನ ಅಂದ್ರ ಯಾರಿಗೂ ನೋವಾಗೂದಿಲ್ಲ ಅಂತ ನನ್ನ ಅಭಿಪ್ರಾಯ. ಹೊಸಾ ಡಾಕ್ಟರು ಕನ್ನಡ ಗೊತ್ತಿದ್ರೂ ಅಭ್ಯಾಸಬಲದಿಂದ ಇಂಗ್ಲಿಷಿನ್ಯಾಗ ಮಾತಾಡಿಬಿಡ್ತಾರ, ಪಕ್ಕದಾಗ ನಿಂತವ್ರ ಎದಿ ಡವಡವ ಅಂತಿರತೈತಿ, ಅರ್ಧ ಕೇಳಿದ ಮಾತು ಅವ್ರಿಗೆ ಗುಡ್ಡ ಆಗತೈತಿ.

ಬ್ಯಾಡಗಿ ರೈತನ ಮಗ:

ಎಲ್ಲಾರಿಗೂ ಕೈ ಮುಗೀತೀನ್ರಿ. ಅವ್ವಗ ಪೂರಾ ಓದಿ ಹೇಳಿದೆ. ಅಡ್ಮಿರಲ್ ನೀರ ಹಾಕಿಸಿದ್ದು ಕೇಳಿ ‘ಹೌದಾ, ಅಂವಾ ಚೊಲೋ ಮನುಷ್ಯಾ ಇದ್ದ ಬಿಡು’ ಅಂದ್ಲು, ಆಮ್ಯಾಲ ಎರಡು ರೊಟ್ಟಿ ತಿಂದ್ಲು. ಅಪ್ಪ ಈಗ ಆರಾಮ ಅದಾರ, ಸಿಸ್ಟರ್ ಅಕ್ಕಾರು ಹೇಳಿದಂಗ ಎತ್ತಿನ ಮಾತು ಒಂಚೂರೂ ನೆನಪಿಲ್ಲ.

ಹಂಗ ಇನ್ನೊಂದು ಕೇಳ್ತೀನಿ. ನಮ್ಮ ಕಡೆ ಫುಲ್ ಟೈಟ್ ಆಗ್ಯಾನ ಅಂತಾರಲ್ಲ, ಅದು ನಮ್ಮವ್ರು ಮಾಡಿದ್ದೋ ಇಂಗ್ಲಿಷದಾಗೂ ಹಂಗ ಐತೋ? ಮತ್ತ ಅಮಲು ಅನ್ನೂದು ಕನ್ನಡ ಶಬ್ದ ಹೌದಲ್ಲೊ?

ಧಾರವಾಡ ವಕೀಲ:

ಇದಕ್ಕ ನಾ ಹೇಳ್ತೀನಿ, ಎರಡನೇದು ನಮ್ಮ ಕೋರ್ಟಿನ್ಯಾಗ ದಿನಾ ಬರೂ ಶಬ್ದ.

ಟೈಟ್ ಇಂಗ್ಲಿಷದಾಗೂ ಐತಿ, 1830ರ ಸುಮಾರಿನಿಂದ ಕುಡದಾವಗ ಟೈಟ್ ಅನ್ನೂದು ಅಲ್ಲೆ ನಡದ ಬಂದೈತಿ. ಅದರ ಹಿಂದ ‘ಫುಲ್’ ಹಚ್ಚಿ ಎಳದು ಅನ್ನೂದು ನಮ್ಮ ಮಂದಿ ಶೈಲಿ.

ಅಮಲು ಮೂಲದಾಗ ಕನ್ನಡ ಅಲ್ಲ, ಅರಬ್ಬೀಯಿಂದ ಪಾರ್ಸಿ ಹಾದು ಬಂದದ್ದು. ಅಲ್ಲೆ ಅಮಲ್ ಅಂದ್ರ ಕೆಲಸ, ಕ್ರಿಯೆ. ಅದ ಶಬ್ದ ಆಡಳಿತಕ್ಕ ಹೋಗಿ ಅಧಿಕಾರ ಆತು, ಅಮಲ್ದಾರ ಅಂದ್ರ ಹಿಂದಿನ ಕಾಲದಾಗ ತಾಲೂಕಿನ ಅಧಿಕಾರಿ. ಕಾನೂನು ಅಮಲಿಗೆ ಬಂತು ಅಂತೀವಿ, ಕೋರ್ಟಿನ್ಯಾಗ ಡಿಕ್ರಿ ಆದ ಮ್ಯಾಲ ಎದುರಿನಾವ ಹೊಲಾ ಬಿಡವಲ್ಲ ಅಂದ್ರ ಅಮಲ್ಜಾರಿ ಅರ್ಜಿ ಹಾಕ್ತೀವಿ. ನಿಮ್ಮ ಅಪ್ಪಾರು ಧರಣಿ ಕುಂತಿದ್ದ ಆ ಸಾರಾಯಿ ನಮ್ಮ ರಾಜ್ಯದಾಗ ಬಂದ್ ಆಗಿದ್ದು 2007ರ ಜುಲೈ 1ರಿಂದ, ಆ ಆದೇಶ ಅಮಲಿಗೆ ಬಂದ ದಿನಾ ಅಂತನ ಪೇಪರಿನವ್ರು ಬರಿಯೂದು. ಒಳಗ ಹೋಗಿದ್ದು ತನ್ನ ಕೆಲಸ ಶುರು ಮಾಡ್ತು ಅನ್ನೂ ಅರ್ಥದಿಂದ ನಶೆಗೂ ಅದ ಶಬ್ದ ಹೊಂದಿಕೊಂಡಿರಬೇಕು ಅಂತ ನನಗ ಅನಸತೈತಿ. ನಶೆ ಅನ್ನೂದೂ ಅರಬ್ಬೀದ, ಅದನ್ನ ಕೆಲವ್ರು ನಿಶೆ ಅಂತ ಬರೀತಾರ, ಸಂಸ್ಕೃತದಾಗ ನಿಶೆ ಅಂದ್ರ ರಾತ್ರಿ, ಬ್ಯಾರೇನ ಶಬ್ದ.

ಅಚ್ಚ ಕನ್ನಡದ್ದು ಬೇಕಂದ್ರ ಸೊಕ್ಕು ಐತಿ. ಗರ್ವಕ್ಕೂ ಸೊಕ್ಕು, ತಲಿಗೇರಿದ್ದಕ್ಕೂ ಸೊಕ್ಕು. ಅದೂ ಹೆಂಡದಿಂದನ ಬರಬೇಕಂತಿಲ್ಲ. ಎಲಿ ಹಾಕ್ಕೊಳ್ಳುವಾಗ ಒಮ್ಮೊಮ್ಮೆ ಒಂದು ಹೋಳು ಸೊಕ್ಕಡಿಕಿ ಬಾಯಾಗ ಬಂದಬಿಡತೈತಿ, ಎದಿ ಹಿಡದಂಗಾಗಿ, ಕಿವಿ ಬಿಸಿ ಆಗಿ, ಹಣಿಗೆ ಬೆವರು ಒಡದು ಕುಂತಲ್ಲೇ ಸುತ್ತಲಿಂದು ತಿರಗತೈತಿ. ಆಗ ಮನ್ಯಾಗಿನ ಹಿರ್ಯಾರು ‘ಅಡಿಕಿ ಸೊಕ್ಕೇತಿ, ಉಗಳು ಉಗಳು’ ಅಂತ ಬಾಯಿ ತೊಳಿಸಿ, ತಣ್ಣೀರು ಒಂದು ಹಳಕು ಬೆಲ್ಲ ಕೊಟ್ಟು ಗೋಡಿಗೆ ಆನಿಸಿ ಕುಂಡ್ರಸತಾರ. ಊರ ಗೌಡ್ರಿಗೆ ಸೊಕ್ಕಿದ್ರೂ, ಮಠದ ಅಯ್ಯನವರಿಗೆ ಸೊಕ್ಕಿದ್ರೂ ಯಾರೂ ಏನೂ ಅನ್ನೂದಿಲ್ಲ.